ಬೀದರಿಗೊಂದು ಫೋನು, ಬೆಂಗಳೂರಿನಲ್ಲೊಂದು ಕೋಲು

ಏಪ್ರಿಲ್ 24 ಇಲ್ಲವೇ 25ರ ನಡುಮಧ್ಯಾಹ್ನ, ಬೆಂಗಳೂರಿನಲ್ಲಿ ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳಿರುವುದಿಲ್ಲ. ಗಡಿಯಾರ 12 ಗಂಟೆ 18 ನಿಮಿಷ ತೋರಿಸುವ ಹೊತ್ತಿಗೆ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬಂದು, ನೆರಳೆಲ್ಲ ಕೋಲಿನ ಬುಡದಲ್ಲೇ ಅಡಗುತ್ತದೆ. ಅದೇ ದಿನ, ಅದೇ ಹೊತ್ತಿಗೆ ಬೀದರಿನಲ್ಲಿ ಒಂದು ಮೀಟರ್ ಉದ್ದದ ಕೋಲು ನಿಲ್ಲಿಸಿದರೆ ಸುಮಾರು ಎಂಟೂವರೆ ಸೆಂಟಿಮೀಟರ್ ನೆರಳು ಉತ್ತರದ ಕಡೆಗೆ ಚಾಚಿರುತ್ತದೆ. ಇಷ್ಟು ಗೊತ್ತಾದರೆ ಸಾಕು, ಗುಣಾಕಾರ ಭಾಗಾಕಾರ ಬಲ್ಲ ಮಗು ಮನೆಯ ತಾರಸಿಯಲ್ಲೇ ಭೂಮಿಯ ಅಳತೆ ತೆಗೆಯಬಲ್ಲದು.

ಬೀದರ್ ಮತ್ತು ಬೆಂಗಳೂರು ಹೆಚ್ಚುಕಡಿಮೆ ಒಂದೇ ರೇಖಾಂಶದ ಮೇಲಿವೆ. ಹಾಗಾಗಿ ಎರಡೂ ಊರುಗಳಲ್ಲಿ ಸೂರ್ಯ ನೆತ್ತಿಯ ಗೆರೆಯನ್ನು ದಾಟುವುದು ಒಂದೇ ಹೊತ್ತಿಗೆ. ಇಂಥ ಜೋಡಿ ನಮ್ಮ ರಾಜ್ಯದೊಳಗೇ ಸಿಕ್ಕಿರುವುದು ಅದೃಷ್ಟ. ಬೀದರಿನಲ್ಲಿರುವ ಚಿಕ್ಕಪ್ಪನಿಗೋ ಸೋದರತ್ತೆಗೋ ಮುಂಚೆಯೇ ಹೇಳಿಟ್ಟು, ಆ ಹೊತ್ತಿಗೆ ಫೋನು ಹಚ್ಚಬೇಕು. ನಕ್ಷೆಯಲ್ಲಿ ಎರಡೂ ಊರುಗಳ ನೇರ ದೂರ ನೋಡಿದರೆ ಸುಮಾರು 547 ಕಿಲೋಮೀಟರ್. ರಸ್ತೆಯ ದೂರ ಹಾಕಿದರೆ ಲೆಕ್ಕ ಕೆಡುತ್ತದೆ, ಏಕೆಂದರೆ ರಸ್ತೆ ಬಳಸಿಕೊಂಡು ಹೋಗುತ್ತದೆ. ನೆರಳಿಗಿಂತ ಕೋಲು ಎಷ್ಟು ಪಟ್ಟು ಉದ್ದವೋ, ಈ 547 ಕಿಲೋಮೀಟರಿಗಿಂತ ಭೂಮಿಯ ತ್ರಿಜ್ಯವೂ ಹೆಚ್ಚುಕಡಿಮೆ ಅಷ್ಟೇ ಪಟ್ಟು ಉದ್ದ. ನೆರಳು 8.6 ಸೆಂಟಿಮೀಟರ್ ಸಿಕ್ಕಿತು ಎನ್ನೋಣ. 547ನ್ನು 100ರಿಂದ ಗುಣಿಸಿ 8.6ರಿಂದ ಭಾಗಿಸಿದರೆ 6,360 ಬರುತ್ತದೆ. ಪಠ್ಯಪುಸ್ತಕದಲ್ಲಿ ಭೂಮಿಯ ತ್ರಿಜ್ಯ 6,371 ಕಿಲೋಮೀಟರ್ ಎಂದಿದೆ.

ಎರಡು ಸಾವಿರದ ಇನ್ನೂರು ವರ್ಷಗಳ ಹಿಂದೆ ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿದ್ದ ಎರಟೊಸ್ಥೆನೀಸ್ ಮಾಡಿದ್ದು ಇದನ್ನೇ. ದಕ್ಷಿಣದ ಸೈಯೀನ್ ಊರಿನಲ್ಲಿ ನೆರಳಿಲ್ಲದ ಹೊತ್ತಿಗೆ ತನ್ನೂರಿನ ನೆರಳನ್ನು ಅಳೆದು, ಕೋನ ವೃತ್ತದ ಐವತ್ತನೇ ಒಂದು ಪಾಲು ಎಂದು ಕಂಡುಕೊಂಡ. ಅವನ ಬಳಿ ಫೋನಿರಲಿಲ್ಲ. ನಮ್ಮ ಮಕ್ಕಳ ಬಳಿ ಇದೆ, ಎದುರು ಊರಿನಲ್ಲಿ ಕೋಲು ಹಿಡಿದು ನಿಲ್ಲುವ ನೆಂಟರೂ ಇದ್ದಾರೆ.

ಇಲ್ಲಿ ಮಗು ಕಲಿಯುವ ದೊಡ್ಡ ಪಾಠ ಉತ್ತರದಲ್ಲಿಲ್ಲ, ತಪ್ಪಿನಲ್ಲಿದೆ. ಬೀದರಿನ ನೆರಳನ್ನು ಅಳೆಯುವಾಗ ಅರ್ಧ ಸೆಂಟಿಮೀಟರ್ ಹೆಚ್ಚು ಓದಿದರೆ ಭೂಮಿಯ ತ್ರಿಜ್ಯ ಮುನ್ನೂರೈವತ್ತು ಕಿಲೋಮೀಟರ್ ಕುಗ್ಗುತ್ತದೆ. ಅಷ್ಟೇ ಕಡಿಮೆ ಓದಿದರೆ ಹತ್ತಿರ ಹತ್ತಿರ ನಾನ್ನೂರು ಕಿಲೋಮೀಟರ್ ಉಬ್ಬುತ್ತದೆ. ಕೋಲು ನೆಟ್ಟಗಿದೆಯೋ ಇಲ್ಲವೋ ಎಂದು ಗಾರೆಯವರ ತೂಕದ ಗುಂಡು ಕಟ್ಟಿ ನೋಡಬೇಕು ಎನ್ನುವುದು ಆಗ ಮಗುವಿಗೆ ತಾನಾಗಿಯೇ ಹೊಳೆಯುತ್ತದೆ. ನೆರಳಿನ ತುದಿ ಮಸುಕಾಗಿರುತ್ತದೆ, ಎಲ್ಲಿಗೆ ಗೆರೆ ಎಳೆಯಬೇಕು ಎಂಬ ಜಗಳವೂ ಹುಟ್ಟುತ್ತದೆ. ಆ ಜಗಳ ಆಗಲಿ. ಅಳತೆ ಎಂದರೇನೆಂದು ತಿಳಿಯುವುದು ಅಲ್ಲೇ.

ಕರ್ನಾಟಕದ ಪ್ರತಿ ಊರಿಗೂ ಇಂಥ ದಿನ ವರ್ಷಕ್ಕೆ ಎರಡು ಬರುತ್ತವೆ. ಏಪ್ರಿಲ್ 20ರ ಸುಮಾರಿಗೆ ಚಾಮರಾಜನಗರದ ದಕ್ಷಿಣದ ಅಂಚಿನಲ್ಲಿ ನೆತ್ತಿಗೇರುವ ಸೂರ್ಯ, ದಿನಕ್ಕೆ ಮೂವತ್ತು ಮೂವತ್ತೈದು ಕಿಲೋಮೀಟರಿನಂತೆ ಉತ್ತರಕ್ಕೆ ಸರಿಯುತ್ತಾನೆ. ಮೈಸೂರು, ಬೆಂಗಳೂರು ದಾಟಿ, ಮೇ 2ರ ಹೊತ್ತಿಗೆ ಹಂಪಿ ಮತ್ತು ಹುಬ್ಬಳ್ಳಿ, ಮೇ 9ರ ಆಸುಪಾಸು ಕಲಬುರಗಿ, ಮೇ ಎರಡನೇ ವಾರದಲ್ಲಿ ಬೀದರ್. ಮರಳಿ ದಕ್ಷಿಣಕ್ಕೆ ಬರುವಾಗ ಜುಲೈ ಕೊನೆಯಿಂದ ಆಗಸ್ಟ್ 22ರೊಳಗೆ ಇದೇ ದಾರಿ. ಬೆಂಗಳೂರಿಗೆ ಆಗಸ್ಟ್ 18. ಆದರೆ ಆಗ ಮೋಡದ ಕಾಟ. ಬೇಸಿಗೆ ರಜೆಯೊಳಗೇ ಬೀಳುವ ಏಪ್ರಿಲ್-ಮೇ ಸರದಿಯೇ ಮನೆಮಂದಿಗೆ ಅನುಕೂಲ.

ಮಕ್ಕಳನ್ನು ವಿಜ್ಞಾನದ ಕಡೆಗೆ ಕರೆದೊಯ್ಯುವುದೆಂದರೆ ಈಗ ಹೆಚ್ಚಿನ ಮನೆಗಳಲ್ಲಿ ಎರಡೇ ಅರ್ಥ. ಒಂದು, ದುಡ್ಡು ಕೊಟ್ಟು ಸಮ್ಮರ್ ಕ್ಯಾಂಪಿಗೆ ಸೇರಿಸುವುದು. ಇನ್ನೊಂದು, ಆನ್‌ಲೈನಿನಲ್ಲಿ ಸೈನ್ಸ್ ಕಿಟ್ ತರಿಸುವುದು. ಕಿಟ್ಟಿನ ಬಗ್ಗೆ ನನ್ನ ತಕರಾರು ಇಷ್ಟೇ: ಡಬ್ಬಿಯ ಮೇಲೇ ಉತ್ತರ ಅಚ್ಚಾಗಿರುತ್ತದೆ. ಹೇಳಿದಂತೆ ಜೋಡಿಸಿದರೆ ಹೇಳಿದಂತೆ ಆಗುತ್ತದೆ, ಅಲ್ಲಿಗೆ ಆಟ ಮುಗಿಯಿತು. ಏನಾಗಬಹುದು ಎಂದು ಮೊದಲು ಊಹಿಸಿ, ಆಮೇಲೆ ಅಳೆದು, ಊಹೆ ಸುಳ್ಳಾದಾಗ ಬೆಪ್ಪಾಗಿ ನಿಲ್ಲುವ ಗಳಿಗೆ ಅದರಲ್ಲಿ ಸಿಗುವುದು ಕಷ್ಟ. ಆ ಗಳಿಗೆಗಾಗಿಯೇ ಮನೆಯಿಂದ ಹೊರಡಬೇಕು. ಚೀಲದಲ್ಲಿ ಅಳತೆಯ ಟೇಪು, ಒಂದು ಉಂಡೆ ದಾರ, ಒಂದು ಭೂತಗನ್ನಡಿ, ನೋಟ್‌ಬುಕ್ಕು, ಪೆನ್ಸಿಲು. ಇಷ್ಟಿದ್ದರೆ ಸಾಕು.

ಹೊರಟವರಿಗೆ ಬೆಂಗಳೂರಿನಲ್ಲಿ ಮೊದಲು ನೆನಪಾಗುವುದು ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ. ನೂರು ತುಂಬಿದ ಸರ್ ಎಂ.ವಿ. ತೀರಿಕೊಂಡದ್ದು 1962ರ ಏಪ್ರಿಲ್‌ನಲ್ಲಿ. ಅದೇ ವರ್ಷದ ಜುಲೈನಲ್ಲಿ ಅವರ ಹೆಸರಿನ ಈ ಕಟ್ಟಡವನ್ನು ಜವಾಹರಲಾಲ್ ನೆಹರು ಉದ್ಘಾಟಿಸಿದರು. ವಿದ್ಯುತ್ತಿನ ಕುರಿತ ಮೊದಲ ಗ್ಯಾಲರಿ 1965ರಲ್ಲಿ ತೆರೆಯಿತು. ‘ಮುಟ್ಟಬೇಡಿ’ ಎಂಬ ಫಲಕವೇ ಮ್ಯೂಸಿಯಮ್ಮಿನ ಗುರುತಾಗಿದ್ದ ಕಾಲದಲ್ಲಿ, ಗುಂಡಿ ಒತ್ತಿ, ಹಿಡಿಕೆ ತಿರುಗಿಸಿ ನೋಡಿ ಎಂದು ಮಕ್ಕಳನ್ನು ಕರೆದ ಜಾಗ ಇದು. ಕೈಯಾಡಿಸಿ ಕಲಿಯುವ ವಿಜ್ಞಾನ ಕೇಂದ್ರ ಎಂದೊಡನೆ ಜಗತ್ತು ನೆನೆಯುವುದು ಸ್ಯಾನ್‌ ಫ್ರಾನ್ಸಿಸ್ಕೋದ ಎಕ್ಸ್‌ಪ್ಲೊರೇಟೋರಿಯಂ. ಅದನ್ನು 1969ರಲ್ಲಿ ಕಟ್ಟಿದ ಫ್ರ್ಯಾಂಕ್ ಓಪನ್‌ಹೈಮರ್, ಅಣುಬಾಂಬಿನ ಓಪನ್‌ಹೈಮರ್ ಅವರ ತಮ್ಮ. ರಾಜಕೀಯ ಕಾರಣಕ್ಕೆ ವಿಶ್ವವಿದ್ಯಾಲಯದ ಕೆಲಸ ಹೋಗಿ, ಕೊಲೊರಾಡೊದಲ್ಲಿ ದನ ಸಾಕುತ್ತ, ಆಮೇಲೆ ಸಣ್ಣ ಊರಿನ ಹೈಸ್ಕೂಲಿನಲ್ಲಿ ಮೇಷ್ಟರಾಗಿ ದುಡಿದವರು. ಹಳ್ಳಿ ಮಕ್ಕಳಿಗೆ ಪಾಠ ಹೇಳಿದ ಆ ವರ್ಷಗಳ ಅನುಭವ ಅವರ ಕೇಂದ್ರದ ಬೆನ್ನಿಗಿತ್ತು. ಅದು ಶುರುವಾಗುವ ಹೊತ್ತಿಗೆ ನಮ್ಮ ಕಸ್ತೂರಬಾ ರಸ್ತೆಯಲ್ಲಿ ಮಕ್ಕಳು ಗುಂಡಿ ಒತ್ತಲು ಶುರುಮಾಡಿ ನಾಲ್ಕು ವರ್ಷ ಆಗಿತ್ತು. ಕೋಲ್ಕತ್ತದ ಬಿರ್ಲಾ ಮ್ಯೂಸಿಯಂ ಇನ್ನೂ ಹಳೆಯದು, 1959ರದು. ಈ ಹಿರಿತನವನ್ನು ನಾವು ನೆನೆಯುವುದೇ ಕಡಿಮೆ.

ಆದರೆ ಭಾನುವಾರ ಅಲ್ಲಿ ನಿಂತು ನೋಡಿ. ಮಗು ಓಡಿ ಬಂದು ಗುಂಡಿ ಒತ್ತುತ್ತದೆ, ಏನೋ ತಿರುಗುತ್ತದೆ, ಮಗು ಮುಂದಿನ ಗುಂಡಿಗೆ ಓಡುತ್ತದೆ. ಹಿಂದೆಯೇ ಅಪ್ಪ ಫಲಕದ ಮೇಲಿನ ವಿವರಣೆಯನ್ನು ಗಟ್ಟಿಯಾಗಿ ಓದುತ್ತಾರೆ, ಕೇಳುವವರು ಯಾರೂ ಅಲ್ಲಿರುವುದಿಲ್ಲ. ಮೂರು ಮಹಡಿ ಮುಗಿಸಿ ಹೊರಬಂದಾಗ ನೆನಪಿನಲ್ಲಿ ಉಳಿಯುವುದು ಐಸ್‌ಕ್ರೀಮು. ತಪ್ಪು ಮಗುವಿನದಲ್ಲ, ಎಲ್ಲವನ್ನೂ ಒಂದೇ ದಿನ ತೋರಿಸಿ ಮುಗಿಸಬೇಕೆಂಬ ನಮ್ಮ ಆತುರದ್ದು. ಒಂದು ಭೇಟಿಗೆ ಮೂರು ಪ್ರದರ್ಶಿಕೆ ಸಾಕು.

ಉದಾಹರಣೆಗೆ, ಇಂಥ ವಿಜ್ಞಾನ ಕೇಂದ್ರಗಳಲ್ಲಿ ಸಾಮಾನ್ಯವಾಗಿ ಇರುವ ಜೋಡಿ ಶಂಕುವಿನ ಆಟ. ಎರಡು ಶಂಕುಗಳನ್ನು ಬುಡಕ್ಕೆ ಬುಡ ಅಂಟಿಸಿ ಮಾಡಿದ, ಎರಡೂ ತುದಿ ಚೂಪಾಗಿ ನಡು ದಪ್ಪಗಿರುವ ಒಂದು ಉರುಳೆ. ಅದು ಕೂರುವುದು ಎರಡು ಹಳಿಗಳ ಮೇಲೆ. ಹಳಿಗಳು ಒಂದು ಕಡೆ ಹತ್ತಿರವಿದ್ದು, ಮುಂದೆ ಹೋದಂತೆ ಅಗಲವಾಗುತ್ತ, ಜೊತೆಗೆ ಮೇಲಕ್ಕೂ ಏರುತ್ತವೆ. ಉರುಳೆಯನ್ನು ಕೆಳತುದಿಯಲ್ಲಿಟ್ಟು ಕೈ ಬಿಟ್ಟರೆ ಅದು ಏರಿನ ಕಡೆಗೆ ತಾನೇ ಉರುಳಿಕೊಂಡು ಹೋಗುತ್ತದೆ. ಕೈ ಬಿಡುವ ಮುಂಚೆ ಮಗುವನ್ನು ಕೇಳಬೇಕು, ‘ಯಾವ ಕಡೆ ಹೋಗುತ್ತೆ, ಹೇಳು ಪುಟ್ಟಾ?’ ಊಹೆಯನ್ನು ಬರೆಸಬೇಕು. ಉರುಳೆ ಏರು ಹತ್ತಿದ ಮೇಲೆ ಫಲಕ ಓದಬೇಡಿ, ಟೇಪು ತೆಗೆಯಿರಿ. ಹಳಿಯ ಎತ್ತರವನ್ನು ಎರಡೂ ಕಡೆ ಅಳೆದರೆ ಮುಂದೆ ಹೆಚ್ಚಿರುವುದು ನಿಜ. ಈಗ ಉರುಳೆಯ ಚೂಪು ತುದಿ ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂದು ಹೊರಡುವಾಗ ಒಮ್ಮೆ, ತಲುಪಿದಾಗ ಒಮ್ಮೆ ಅಳೆಯಲಿ. ತಲುಪಿದಾಗ ಅದು ಕೆಳಗಿದೆ! ಹಳಿ ಅಗಲವಾದಷ್ಟೂ ಉರುಳೆ ತನ್ನ ಚೂಪು ಭಾಗದ ಮೇಲೆ ನಿಲ್ಲುತ್ತ ನಡುವೆ ಕುಸಿಯುತ್ತದೆ. ಹಳಿ ಏರಿತು, ಉರುಳೆ ಇಳಿಯಿತು. ಎರಡು ಅಂಕಿಗಳನ್ನು ಪಕ್ಕಪಕ್ಕ ಬರೆದು ನೋಡಿದ ಮಗುವಿಗೆ ಗುರುತ್ವ ಕೇಂದ್ರ ಎಂಬ ಪದವನ್ನು ಆಮೇಲೆ ಹೇಳಿದರಾಯಿತು, ಹೇಳದಿದ್ದರೂ ನಡೆದೀತು.

ಮ್ಯೂಸಿಯಂನಿಂದ ಹೊರಬಂದರೆ ಕಬ್ಬನ್ ಪಾರ್ಕು. ಅಲ್ಲಿ ಮರದ ಕೆಳಗೆ ಬಿದ್ದ ಬಿಸಿಲಿನ ಚುಕ್ಕೆಗಳನ್ನು ನೋಡಿ. ಎಲೆಗಳ ನಡುವಿನ ಸಂದುಗಳು ಮೂರು ಮೂಲೆಯವು, ಸೊಟ್ಟಪಟ್ಟ, ಉದ್ದುದ್ದ. ಆದರೆ ಎತ್ತರದ ಮರದ ಕೆಳಗೆ ನೆಲಕ್ಕೆ ಬಿದ್ದ ಚುಕ್ಕೆಗಳು ಬಹುಪಾಲು ದುಂಡಗೆ. ಏಕೆಂದರೆ ಅವು ಸಂದಿನ ಆಕಾರವಲ್ಲ, ಸೂರ್ಯನ ಬಿಂಬಗಳು. ರಟ್ಟಿನಲ್ಲಿ ಸೂಜಿಯಿಂದ ಚಿಕ್ಕ ತೂತು ಮಾಡಿ, ಬಿಸಿಲಿಗೆ ಬೆನ್ನು ಕೊಟ್ಟು ನಿಂತು, ತೂತಿನಿಂದ ಎರಡು ಮೀಟರ್ ದೂರದ ಬಿಳಿ ಹಾಳೆಯ ಮೇಲೆ ಬಿಂಬ ಬೀಳಿಸಿದರೆ ಅದರ ಅಡ್ಡಳತೆ ಹದಿನೆಂಟು ಹತ್ತೊಂಬತ್ತು ಮಿಲಿಮೀಟರ್ ಇರುತ್ತದೆ. ದೂರದ ನೂರೆಂಟನೇ ಒಂದು ಪಾಲು. ಸೂರ್ಯ ನಮ್ಮಿಂದ 15 ಕೋಟಿ ಕಿಲೋಮೀಟರ್ ದೂರದಲ್ಲಿದ್ದಾನೆ ಎಂಬುದೊಂದನ್ನು ಪುಸ್ತಕದಿಂದ ಎರವಲು ಪಡೆದರೆ, ಅವನ ವ್ಯಾಸ ಸುಮಾರು 14 ಲಕ್ಷ ಕಿಲೋಮೀಟರ್ ಎಂದು ಮಗುವೇ ಹೇಳುತ್ತದೆ. ಒಂದು ಎಚ್ಚರ ಮಾತ್ರ: ತೂತಿನ ಮೂಲಕ ಸೂರ್ಯನನ್ನು ನೋಡಕೂಡದು, ನೋಡಬೇಕಾದ್ದು ಹಾಳೆಯ ಮೇಲಿನ ಬಿಂಬವನ್ನು.

ಗ್ರಹಣದ ದಿನ ಈ ಚುಕ್ಕೆಗಳೆಲ್ಲ ಕುಡುಗೋಲಿನ ಆಕಾರ ತಳೆಯುತ್ತವೆ. 2019ರ ಡಿಸೆಂಬರ್ 26ರ ಕಂಕಣ ಗ್ರಹಣದ ಬಳೆ ಮಂಗಳೂರಿನಲ್ಲಿ ಪೂರ್ತಿ ಕಂಡಿತ್ತು. ಅದೇ ಬೆಳಗ್ಗೆ ಕಲಬುರಗಿಯ ಬಳಿಯ ಊರೊಂದರಲ್ಲಿ, ಅಂಗವೈಕಲ್ಯ ವಾಸಿಯಾಗುತ್ತದೆಂದು ನಂಬಿ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತ ಸುದ್ದಿ ಪತ್ರಿಕೆಗಳಲ್ಲಿ ಬಂತು. ಆ ತಂದೆ ತಾಯಿಗಳನ್ನು ಬೈದು ಪ್ರಯೋಜನವಿಲ್ಲ, ಅವರದು ಬೇರೆ ದಾರಿ ಕಾಣದ ಸಂಕಟ. ಆದರೆ ಅದೇ ಕಲಬುರಗಿಯಲ್ಲಿ 1984ರಿಂದ ಜಿಲ್ಲಾ ವಿಜ್ಞಾನ ಕೇಂದ್ರವಿದೆ ಎಂಬುದನ್ನು ನೆನೆದರೆ ಎದೆ ಭಾರವಾಗುತ್ತದೆ. ಕೇಂದ್ರದ ಬಾಗಿಲಿಗೂ ಆ ಊರಿನ ಅಂಗಳಕ್ಕೂ ನಡುವಿನ ದೂರ ಕಿಲೋಮೀಟರಿನಲ್ಲಿ ಅಳೆಯುವಂಥದ್ದಲ್ಲ. ಈ ದೂರವನ್ನು ಕಡಿಮೆ ಮಾಡಲು ಬಾಳಿಡೀ ದುಡಿದವರು ಬೆಂಗಳೂರಿನ ಬಸವನಗುಡಿಯ ನ್ಯಾಷನಲ್ ಕಾಲೇಜಿನ ಡಾ. ಎಚ್. ನರಸಿಂಹಯ್ಯ. 1962ರಲ್ಲಿ ಅವರು ಕಟ್ಟಿದ ಬೆಂಗಳೂರು ಸೈನ್ಸ್ ಫೋರಂ ಜನಸಾಮಾನ್ಯರಿಗೆ ವಿಜ್ಞಾನದ ಉಪನ್ಯಾಸಗಳನ್ನು ಏರ್ಪಡಿಸುತ್ತ ಬಂದಿದೆ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಹೊರತರುವ ‘ಬಾಲವಿಜ್ಞಾನ’ ಮಾಸಿಕವನ್ನು ಓದಿ ಬೆಳೆದ ಎಷ್ಟೋ ಮೇಷ್ಟರುಗಳು ನಾಡಿನಲ್ಲಿದ್ದಾರೆ. 2027ರ ಆಗಸ್ಟ್ 2ರ ಸಂಜೆ ಕರ್ನಾಟಕದಲ್ಲಿ ಪಾರ್ಶ್ವ ಸೂರ್ಯಗ್ರಹಣ ಕಾಣಲಿದೆ. ಅಂದು ಮೋಡವಿಲ್ಲದಿದ್ದರೆ ಮಕ್ಕಳನ್ನು ಮನೆಯೊಳಗೆ ಕೂಡಿಹಾಕಬೇಡಿ, ತೂತಿನ ರಟ್ಟು ಕೊಟ್ಟು ಅಂಗಳಕ್ಕೆ ಕಳಿಸಿ.

ಲಾಲ್‌ಬಾಗಿನ ಬಂಡೆಯ ಮಾತೇ ಬೇರೆ. ಫಲಪುಷ್ಪ ಪ್ರದರ್ಶನಕ್ಕೆಂದು ಹೋದವರು ಕೆಂಪೇಗೌಡರ ಗೋಪುರದ ತನಕ ಹತ್ತಿ, ಸೆಲ್ಫಿ ತೆಗೆದು ಇಳಿಯುತ್ತಾರೆ. ಕಾಲಡಿಯ ಕಲ್ಲಿಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಪೆನಿನ್ಸುಲರ್ ನೈಸ್ ಎಂಬ ಜಾತಿಯ ಈ ಶಿಲೆಯನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಘೋಷಿಸಿದೆ. 300 ಕೋಟಿ ಎಂದರೆ ಮಗುವಿಗಿರಲಿ, ನಮಗೂ ಬರೀ ಸೊನ್ನೆಗಳು. ಅದಕ್ಕೇ ದಾರದ ಉಂಡೆ. ಒಂದು ಮೀಟರಿಗೆ ಹತ್ತು ಕೋಟಿ ವರ್ಷ ಎಂದಿಟ್ಟುಕೊಂಡು, ಬಂಡೆಯ ಇಳಿಜಾರಿನಲ್ಲಿ 45 ಮೀಟರ್ ದಾರ ಹಾಸಿ. ಒಂದು ತುದಿ ಇವತ್ತು, ಇನ್ನೊಂದು ತುದಿ ಭೂಮಿ ಹುಟ್ಟಿದ ಕಾಲ. ಇವತ್ತಿನ ತುದಿಯಿಂದ 30 ಮೀಟರಿಗೆ ಗಂಟು ಹಾಕಿದರೆ ಅದು ಈ ಬಂಡೆ. ನೆಲದ ಮೇಲೆ ಗಿಡ ಮೊಳೆತದ್ದು ಐದು ಮೀಟರಿನೊಳಗೆ. ಮಲ್ಪೆಯಿಂದ ದೋಣಿಯಲ್ಲಿ ಹೋಗಿ ನೋಡುವ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳು ಮಡಗಾಸ್ಕರ್ ನಮ್ಮಿಂದ ಬೇರಾದ ಕಾಲದವು, 90 ಸೆಂಟಿಮೀಟರಿನ ಹತ್ತಿರ. ವಿಜಯಪುರದ ಕಪ್ಪು ಕಲ್ಲು ಲಾವಾ ಆಗಿ ಹರಿದದ್ದೂ, ಡೈನೋಸಾರ್‌ಗಳು ಅಳಿದದ್ದೂ 66 ಸೆಂಟಿಮೀಟರಿನಲ್ಲಿ. ಹಿಮಾಲಯ ಎದ್ದದ್ದು ಕೊನೆಯ ಅರ್ಧ ಮೀಟರಿನಲ್ಲಿ. ನಮ್ಮಂಥ ಮನುಷ್ಯರಿಗೆ ಸಿಗುವುದು ಮೂರು ಮಿಲಿಮೀಟರ್. ಕೆಂಪೇಗೌಡರಿಂದ ಈಚಿನ ಐನೂರು ವರ್ಷವನ್ನು ಗುರುತಿಸಲು ಹೋದರೆ ಒಂದು ಕೂದಲೆಳೆಯೂ ತೀರ ದಪ್ಪವಾಯಿತು.

ದಾರ ಸುತ್ತುವ ಮುಂಚೆ ಭೂತಗನ್ನಡಿ ಹಿಡಿದು ಕಲ್ಲಿನ ಹತ್ತಿರ ಕೂತು ನೋಡಲಿ. ಬಿಳಿ, ಬೂದು, ಕಪ್ಪು ಪಟ್ಟೆಗಳು ಅಲೆಯಲೆಯಾಗಿ ಬಾಗಿವೆ. ಇಷ್ಟು ಗಟ್ಟಿಯಾದದ್ದು ಬಾಗಿದ್ದು ಹೇಗೆ? ಭೂಮಿಯ ಆಳದಲ್ಲಿ, ಬಿಸಿಯಲ್ಲಿ, ಒತ್ತಡದಲ್ಲಿ. ಕಪ್ಪು ಪಟ್ಟೆಯಲ್ಲಿ ಮಿನುಗುವುದು ಕಾಗೆಬಂಗಾರ, ಗಾಜಿನಂಥದ್ದು ಬೆಣಚುಕಲ್ಲು. ಕಲ್ಲನ್ನು ಕುಟ್ಟುವುದು, ಚೂರು ಎಬ್ಬಿಸುವುದು ಬೇಡ. ಚಿತ್ರ ಬರೆದುಕೊಳ್ಳಲಿ.

ಮಂಗಳೂರಿನವರಿಗೆ ಪಿಲಿಕುಳದ ವಿಜ್ಞಾನ ಕೇಂದ್ರವೂ ಸ್ವಾಮಿ ವಿವೇಕಾನಂದ ತಾರಾಲಯವೂ ಇವೆ, ಧಾರವಾಡದವರಿಗೆ ಪ್ರಾದೇಶಿಕ ವಿಜ್ಞಾನ ಕೇಂದ್ರವಿದೆ. ಬೆಂಗಳೂರಿನ ನೆಹರು ತಾರಾಲಯ 1989ರಿಂದ ನಡೆಯುತ್ತಿದೆ. ಆಕಾಶದ ಪ್ರದರ್ಶನಕ್ಕಿಂತ ಅದರ ಹೊರಗಿನ ವಿಜ್ಞಾನ ಉದ್ಯಾನ, ಮಕ್ಕಳಿಗೆಂದೇ ನಡೆಸುವ ವಾರಾಂತ್ಯದ ತರಗತಿಗಳು ಹೆಚ್ಚು ಕಲಿಸುತ್ತವೆ ಎಂಬುದು ನನ್ನ ಅನಿಸಿಕೆ. ಭಾರತೀಯ ವಿಜ್ಞಾನ ಸಂಸ್ಥೆ ವರ್ಷಕ್ಕೊಂದು ದಿನ ತನ್ನ ಪ್ರಯೋಗಾಲಯಗಳನ್ನು ಸಾರ್ವಜನಿಕರಿಗೆ ತೆರೆದಿಡುತ್ತದೆ. ಜನಜಂಗುಳಿ ವಿಪರೀತ. ಬೆಳಗ್ಗೆಯೇ ಹೋಗಿ, ಎರಡೇ ವಿಭಾಗ ಆರಿಸಿಕೊಂಡು, ಅಲ್ಲಿನ ಸಂಶೋಧನಾ ವಿದ್ಯಾರ್ಥಿಗಳ ಜೊತೆ ಮಗು ತಾನೇ ಮಾತಾಡುವಂತೆ ಬಿಟ್ಟುಬಿಡಬೇಕು.

ಊರು ಬಿಟ್ಟು ಹೋಗಲಾಗದವರಿಗೆ ಮಳೆ ಇದೆ. ಮೇಲಿನಿಂದ ಕೆಳಗಿನವರೆಗೆ ಒಂದೇ ಅಗಲವಿರುವ, ತಳ ಸಮತಟ್ಟಾದ ಡಬ್ಬಿಯನ್ನು ತೆರೆದ ಅಂಗಳದಲ್ಲಿಟ್ಟರೆ ಅದೇ ಮಳೆಮಾಪಕ. ಬೆಳಗ್ಗೆ ಎಂಟೂವರೆಗೆ ಸ್ಕೇಲು ಇಳಿಸಿ ನೋಡಿ, ಬರೆದು, ಚೆಲ್ಲಿ, ಮತ್ತೆ ಇಡುವುದು. ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್ ನೀರು. ತಾರಸಿ ನೂರು ಚದರ ಮೀಟರ್ ಇದ್ದರೆ ನೂರು ಲೀಟರ್. ಹತ್ತು ಮಿಲಿಮೀಟರ್ ಮಳೆಗೆ ಎಷ್ಟು ನೀರು ಚರಂಡಿ ಪಾಲಾಯಿತೆಂದು ಮಗು ಲೆಕ್ಕ ಹಾಕಿ ಬಂದು ಕೇಳಿದರೆ ಮನೆಯ ಯಜಮಾನರು ಉತ್ತರ ಕೊಡಬೇಕಾಗುತ್ತದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದವರೆಗೂ ಸ್ವಯಂಚಾಲಿತ ಮಳೆಮಾಪಕಗಳನ್ನು ಇಟ್ಟಿದೆ, ಮಗುವಿನ ಅಂಕಿಯನ್ನು ಅದರ ಅಂಕಿಯೊಡನೆ ಹೋಲಿಸಬಹುದು.

ಈ ಕೆಲಸಕ್ಕೆ ಅಜ್ಜ ಅಜ್ಜಿಯರನ್ನು ಸೇರಿಸಿಕೊಳ್ಳಿ. ಅವರ ಲೆಕ್ಕ ರೋಹಿಣಿ, ಮೃಗಶಿರ, ಆರಿದ್ರಾ, ಪುನರ್ವಸು ಎಂಬ ಮಳೆ ನಕ್ಷತ್ರಗಳದ್ದು. ಒಂದೊಂದು ನಕ್ಷತ್ರಕ್ಕೂ ಹದಿಮೂರು ಹದಿನಾಲ್ಕು ದಿನ. ‘ಈ ಸಲ ಆರಿದ್ರಾ ಚೆನ್ನಾಗಿ ಹುಯ್ಯುತ್ತೆ’ ಎಂದು ಅಜ್ಜ ಅಂದರೆ, ನೋಟ್‌ಬುಕ್ಕಿನಲ್ಲಿ ಅದನ್ನೂ ಬರೆದು, ಆ ಹದಿನಾಲ್ಕು ದಿನದ ಮಿಲಿಮೀಟರುಗಳನ್ನು ಕೂಡಿ ಪಕ್ಕದಲ್ಲಿಡಲಿ. ಕೆಲವು ವರ್ಷ ಇಟ್ಟರೆ ಹಳೆಯ ಮಾತುಗಳಲ್ಲಿ ಯಾವುದು ನಿಲ್ಲುತ್ತದೆ, ಯಾವುದು ನಿಲ್ಲುವುದಿಲ್ಲ ಎಂಬುದು ಕಾಣುತ್ತದೆ. ಹಿರಿಯರನ್ನು ಗೌರವಿಸುತ್ತಲೇ ಅವರ ಮಾತನ್ನು ಪರೀಕ್ಷೆಗೆ ಒಡ್ಡಬಹುದು, ಅದರಲ್ಲಿ ಅವಮಾನವೇನೂ ಇಲ್ಲ ಎಂದು ಮಗು ಮನೆಯಲ್ಲೇ ಕಲಿತಂತಾಯಿತು. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಸುರಿದರೆ ಚಳ್ಳಕೆರೆಯಲ್ಲಿ ಐನೂರೂ ದಾಟುವುದು ಕಷ್ಟ. ಎರಡೂ ಕಡೆ ಡಬ್ಬಿ ಇಟ್ಟ ಇಬ್ಬರು ಮಕ್ಕಳು ಪತ್ರ ಬರೆದುಕೊಂಡರೆ ಭೂಗೋಳದ ಪಾಠ ಬೇರೆ ಬೇಕಿಲ್ಲ.

‘ನಮಗೇ ಸೈನ್ಸ್ ಬರಲ್ಲ, ಮಕ್ಕಳಿಗೆ ಏನು ಹೇಳೋದು’ ಎಂದು ಅಳುಕುವ ಅಪ್ಪ ಅಮ್ಮಂದಿರು ಬಹಳ. ಹೇಳಬೇಕಾದ್ದು ಏನೂ ಇಲ್ಲ. ‘ನಂಗೂ ಗೊತ್ತಿಲ್ಲ ಕಣೋ, ಅಳೆದು ನೋಡೋಣ ಬಾ’ ಎಂದರೆ ಅಷ್ಟೇ ಸಾಕು. ಉತ್ತರ ಬಲ್ಲವರು ಬೇಗ ಹೇಳಿಬಿಡುತ್ತಾರೆ, ಅದೇ ಹೆಚ್ಚು ಹಾನಿ.

ಒಂದು ಮನವಿಯೂ ಇದೆ. ಎಲ್ಲ ಮಕ್ಕಳೂ ಕಸ್ತೂರಬಾ ರಸ್ತೆಗೋ ಪಿಲಿಕುಳಕ್ಕೋ ಬರಲಾಗದು. ಆದರೆ ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಐದು ಸಾವಿರಕ್ಕೂ ಹೆಚ್ಚು ಗ್ರಂಥಾಲಯಗಳಿವೆ, ಈಗ ಅವುಗಳ ಹೆಸರು ಅರಿವು ಕೇಂದ್ರ. ಪ್ರತಿ ಅರಿವು ಕೇಂದ್ರದ ಅಂಗಳದಲ್ಲಿ ನೆಟ್ಟಗೆ ನಿಲ್ಲಿಸಿದ ಒಂದು ಮೀಟರ್ ಕಂಬ, ಒಂದು ಮಳೆಯ ಡಬ್ಬಿ, ಮಕ್ಕಳೇ ಬರೆಯುವ ಒಂದು ದಪ್ಪ ನೋಟ್‌ಬುಕ್ಕು ಇಡಲು ಯಾವ ಯೋಜನೆಯೂ ಮಂಜೂರಾಗಬೇಕಿಲ್ಲ. ನಿಮ್ಮೂರಿನ ಗ್ರಂಥಪಾಲಕರನ್ನು ಈ ವಾರವೇ ಹೋಗಿ ಕೇಳಿ.